ಗುರುವಾರದ ಕೂಟ

ಗುರುವಾರ ಸಂಜೆ ಆರೂವರೆ. ವಾಡಿ ಪಟ್ಟಣದಲ್ಲಿ ಚಂದ್ರಕಲಾ ಅವರ ಮನೆಯ ಪ್ರಾರ್ಥನಾ ಕೂಟಕ್ಕೆ ಯಾರೂ ಬರಲಿಲ್ಲ.

ಬರಬೇಕಾದವರು ಒಬ್ಬರೇ ಇದ್ದರು: ಶಹಾಬಾದಿನ ಗುಂಡಮ್ಮ. ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸದಲ್ಲಿ ಮೂವತ್ತು ವರ್ಷ ದುಡಿದವರು, ಈಗ ಎಪ್ಪತ್ತು ದಾಟಿದ್ದರು. ಹದಿನೆಂಟು ವರ್ಷಗಳ ಹಿಂದೆ ಕೂಟ ಶುರುವಾದಾಗ ಹದಿನಾಲ್ಕು ಜನರಿದ್ದರು. ಕೆಲವರು ವರ್ಗವಾಗಿ ಹೋದರು, ಮೂವರು ತೀರಿಕೊಂಡರು. ಉಳಿದವರಿಗೆ ಭಾನುವಾರದ ದೊಡ್ಡ ಸಭೆಯೇ ಸಾಕಾಯಿತು. ಒಂದು ವರ್ಷದಿಂದ ಇಬ್ಬರೇ.

ಈ ಕೂಟಕ್ಕೆ ಮೊದಲಿನಿಂದಲೂ ಒಂದು ಪದ್ಧತಿ ಇತ್ತು. ಯಾರೂ ತಮಗಾಗಿ ತಾವೇ ಬೇಡಿಕೊಳ್ಳುವಂತಿಲ್ಲ. ತಮ್ಮ ಸಂಕಟವನ್ನು ಪಕ್ಕದವರ ಕಿವಿಯಲ್ಲಿ ಹೇಳಬೇಕು, ಅವರು ಅದನ್ನು ಗಟ್ಟಿಯಾಗಿ ದೇವರ ಮುಂದಿಡಬೇಕು.

ಚಂದ್ರಕಲಾ ಅವರಿಗೆ ಅರವತ್ತೊಂದು. ಮದುವೆಯಾಗಿರಲಿಲ್ಲ. ಎದೆಯ ಎಡಭಾಗದಲ್ಲಿ ಗಂಟು ಕೈಗೆ ಹತ್ತಿ ಮೂರು ವಾರವಾಗಿತ್ತು. ಮರುದಿನ ಒಂಬತ್ತೂವರೆಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸುವವರಿದ್ದರು. ಯಾರಿಗೂ ಹೇಳಿರಲಿಲ್ಲ. ನರ್ಸ್ ಆಗಿದ್ದಾಗ ಇಂಥ ಸುದ್ದಿಯನ್ನು ಎಷ್ಟೋ ಹೆಂಗಸರಿಗೆ ತಾವೇ ಹೇಳಿದ್ದರು. ಈ ಗುರುವಾರ ಗುಂಡಮ್ಮನ ಕಿವಿಗೆ ಹೇಳಬೇಕೆಂದುಕೊಂಡಿದ್ದರು.

ಗುಂಡಮ್ಮನ ಫೋನು ಬಂದ್ ಆಗಿತ್ತು. ಆರು ಮುಕ್ಕಾಲಿಗೆ ಚಂದ್ರಕಲಾ ಒಬ್ಬರೇ ಚಾಪೆಯ ಮೇಲೆ ಕುಳಿತು ಹಾಡು ಎತ್ತಿದರು. ಮೊದಲ ಸಾಲು ಅವರದು, ಎರಡನೆಯದು ಗುಂಡಮ್ಮನದು. ಎರಡನೆಯ ಸಾಲಿಗೆ ಬಂದಾಗ ನಿಲ್ಲಿಸಿದರು. ಗುಂಡಮ್ಮನಿಗಾಗಿ ಪ್ರಾರ್ಥನೆ ಮಾಡಿದರು. ತಮಗಾಗಿ ಬೇಡಿಕೊಳ್ಳಲು ನಾಲಿಗೆ ಏಳಲಿಲ್ಲ. ಪಕ್ಕದ ಮನೆಯ ಟಿ.ವಿ. ಕೇಳುತ್ತ ಹತ್ತು ನಿಮಿಷ ಹಾಗೇ ಕುಳಿತಿದ್ದು, ಮನೆಗೆ ಬೀಗ ಹಾಕಿ ಶಹಾಬಾದಿನ ಟಂಟಂ ಆಟೋ ಹತ್ತಿದರು.

ಶಹಾಬಾದಿನ ಮನೆಯಲ್ಲಿ ಗುಂಡಮ್ಮ ಒಗೆದ ಸೀರೆ ಉಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು ಕತ್ತಲಲ್ಲೇ ಕುಳಿತಿದ್ದರು.

"ಅಯ್ಯ, ನರ್ಸಬಾಯಿ! ಬರ್ರಿ, ಕುಂದ್ರಿ. ನೀವ್ಯಾಕ ಇಷ್ಟು ದೂರ ಬಂದ್ರಿ?"

"ನೀ ಯಾಕ ಬರ್ಲಿಲ್ಲ ಅಕ್ಕ? ಫೋನ್ ಬ್ಯಾರೆ ಬಂದ್ ಇಟ್ಟೀದಿ."

"ಐತಾರದ ದೊಡ್ಡ ಸಭೆಯಾಗ ಪಾಸ್ಟರ್ ಅಂದ್ರಲ್ಲ, ಸಣ್ಣ ಕೂಟ ಎಲ್ಲಾ ಸೇರಿಸಿ ಒಂದೇ ಮಾಡ್ತೀವಿ ಅಂತ. ಇಬ್ಬರೇ ಕುಂತರ ಅದೇನು ಕೂಟ? ನನ್ನ ಸಲುವಾಗಿ ನೀವು ವಾರಾ ವಾರಾ ಚಾಪಿ ಹಾಸ್ಕೋತ ಕುಂದ್ರೋದು ಬ್ಯಾಡ ಅನಿಸ್ತು."

"ನಿನ್ನ ಸಲುವಾಗಿ ಅಂತ ಯಾರಂದ್ರು?"

"ಮತ್ಯಾರ ಸಲುವಾಗಿ? ನೀವು ಓದಿದೋರು. ನಾ ಹಾಡಾಕ ಶುರು ಮಾಡಿದ್ರ ಓಣ್ಯಾಗಿನ ನಾಯಿ ಎದ್ದು ಹೋಗ್ತದ."

ಚಂದ್ರಕಲಾ ನಗಲಿಲ್ಲ. "ನಾಳೆ ಕಲಬುರ್ಗಿ ದವಾಖಾನಿಗಿ ಹೊಂಟೀನಿ ಅಕ್ಕ."

ಗುಂಡಮ್ಮ ಚೀಲ ಕೆಳಗಿಟ್ಟರು. "ಹಿಂಗ ಬಾಜೂಕ ಕುಂದ್ರಿ. ಕಿವ್ಯಾಗ ಹೇಳ್ರಿ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಚಂದ್ರಕಲಾ ಬಾಗಿ ಕಿವಿಯಲ್ಲೇ ಹೇಳಿದರು. ಗುಂಡಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದರು.

"ತಂದೀ, ನಮ್ಮ ನರ್ಸಬಾಯಿ ಎದ್ಯಾಗ ಗಂಟ ಆಗ್ಯದ. ನಾಳೆ ನೋಡ್ತಾರ. ಆಕಿ ಒಬ್ಬಾಕಿ ಇದ್ದಾಳ. ಭಾಳ ಅಂಜ್ಯಾಳ."

ಅಂಜಿಕೆಯ ಮಾತನ್ನು ಚಂದ್ರಕಲಾ ಹೇಳಿರಲಿಲ್ಲ. ಅವರು ಅಳತೊಡಗಿದರು. ಗುಂಡಮ್ಮ ಕಣ್ಣು ತೆರೆಯದೆ ಪ್ರಾರ್ಥನೆ ಮುಂದುವರಿಸಿದರು.

ಆ ರಾತ್ರಿ ಚಂದ್ರಕಲಾ ಅಲ್ಲೇ ಉಳಿದರು. ಶುಕ್ರವಾರ ಬೆಳಿಗ್ಗೆ ಇಬ್ಬರೂ ಶಹಾಬಾದಿನಿಂದ ಕಲಬುರಗಿಗೆ ಹೋದರು. ವರದಿಗೆ ಹತ್ತು ದಿನ ಬೇಕೆಂದು ಆಸ್ಪತ್ರೆಯವರು ತಿಳಿಸಿದರು.