ಟ್ಯಾಂಕಿನ ಬೀಗಕ್ಕೆ ಒಂದೇ ಕೀಲಿ

ಈ ತಿಂಗಳಲ್ಲಿ ಮೂರನೆಯ ಸಲ ಯಾರೋ ದೇಸಾಂಕಾಳ ಹಳೇ ಕಾರಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದಿದ್ದರು. ನಾಳೆ ಗಂಡ ರಾಡಿಸಾವನನ್ನು ಡಯಾಲಿಸಿಸ್‌ಗೆ ನಿಶ್ ಪಟ್ಟಣಕ್ಕೆ ಕರೆದೊಯ್ಯಬೇಕು; ಒಂದು ಸರದಿ ತಪ್ಪಿದರೂ ಅವನ ಜೀವಕ್ಕೇ ಕುತ್ತು. ದೇಸಾಂಕಾ ಬೆಳಗಾಗುತ್ತಲೇ ಡಬ್ಬಿಯಲ್ಲಿ ಪೆಟ್ರೋಲ್ ತಂದು ತುಂಬಿಸಿದಳು, ಜೊತೆಗೆ ಬೀಗವಿರುವ ಒಂದು ಮುಚ್ಚಳವನ್ನೂ ತಂದಳು.

ಅದನ್ನು ಕೂರಿಸಿಕೊಡಲು ವಿತೊಮಿರ್ ಬಂದ. ಅವರ ಮದುವೆಗೆ ಸಾಕ್ಷಿ ನಿಂತ ಕೂಮ ಅವನು, ಒಡಹುಟ್ಟಿದವನಿಗಿಂತ ಹೆಚ್ಚು. ಆ ನಾಡಿನ ಪದ್ಧತಿಯಂತೆ ಅವಳ ಕೆನ್ನೆಗೆ ಮೂರು ಮುತ್ತಿಟ್ಟ. ಮೊದಲನೆಯದಕ್ಕೆ ಮೀಸೆಯಿಂದ ಬ್ರಾಂಡಿಯ ವಾಸನೆ ಬಂತು. ಮೂರನೆಯದಕ್ಕೆ, ಬ್ರಾಂಡಿಯ ಅಡಿಯಿಂದ, ಪೆಟ್ರೋಲಿನದು. ಕೊಳವೆಯನ್ನು ಬಾಯಿಗಿಟ್ಟು ಎಳೆದವನ ಉಸಿರು ಅದು.

“ಈ ಡಬ್ಬಾ ಗಾಡಿಯಿಂದ್ಲೂ ಕದಿಯೋನು ನಿಮಗಿಂತ ಬಡವ ಇರ್ಬೇಕು ದೇಸಾ,” ಎಂದು ನಕ್ಕು, ಮುಚ್ಚಳದ ಪೊಟ್ಟಣ ಬಿಚ್ಚಿ ಎರಡು ಕೀಲಿಗಳನ್ನು ಅವಳ ಕೈಗಿತ್ತ.

ಅವಳು ಕೀಲಿಗಳನ್ನು ಜೇಬಿಗಿಳಿಸಿದಳು. ಕೂಮನನ್ನು ಕಳ್ಳ ಎಂದ ಮನೆ ಉದ್ಧಾರವಾಗದು ಎಂದು ಊರಿಗೆ ಊರೇ ನಂಬಿತ್ತು.

ಮುಚ್ಚಳ ಕೂತಿತು. ಒಳಗಿನಿಂದ ರಾಡಿಸಾವ ಕೂಗಿದ: “ಇನ್ನೊಂದು ಕೀಲಿ ಕೂಮನ ಹತ್ರಾನೇ ಇರ್ಲಿ ಕಣೇ, ಮನೇದು ಇರೋ ಹಾಗೆ!”

ವಿತೊಮಿರ್ ಕೈ ಚಾಚಿದ. ದೇಸಾಂಕಾ ಎರಡೂ ಕೀಲಿಗಳನ್ನು ಜೇಬಿನೊಳಗೆ ಬಿಗಿಯಾಗಿ ಹಿಡಿದುಕೊಂಡಳು.

“ಒಂದೇ ಬಂದಿರೋದು, ಕೂಮ.”

ಅವನು ಚಾಚಿದ ಕೈಯನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡ.

“ಹೌದು,” ಅಂದ, ನೆಲ ನೋಡುತ್ತ. “ನಾನೂ ಒಂದನ್ನೇ ನೋಡಿದ್ದು.”