ಮುಷ್ಟಿಯೊಳಗಿನ ಬೆಣಚುಕಲ್ಲು

ಸ್ವಪ್ನಾಲಿಯ ಬೂಟು ಎದುರಿನ ಹುಡುಗಿಯ ಕಾಲಿಗೆ ತಾಗಿತು. ಚೆಂಡು ಇನ್ನೂ ಉರುಳುತ್ತಿರುವಾಗಲೇ ಅವಳು ಬಗ್ಗಿ, ತಾಗಿದ ಕಾಲನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ತಲೆ ಎತ್ತುವಷ್ಟರಲ್ಲಿ ಚೆಂಡು ಬೇರೆಯವರ ಪಾಲಾಗಿತ್ತು. ವಿದ್ಯಾವತಿ ಸೀಟಿ ಊದಲಿಲ್ಲ. ಊದುವುದಕ್ಕೂ ಉಸಿರು ಬೇಕಲ್ಲ.

ಡಫಳಾಪುರದ ಶಾಲೆಯಲ್ಲಿ ಆಟ ಕಲಿಸುತ್ತ ಅವರ ಒಂದು ಮೊಣಕಾಲು ಸವೆದುಹೋಗಿತ್ತು. ಹುಡುಗಿಯರ ಪಾಲಿಗೆ ಅವರು ‘ಬಾಯಾರು’. ಪ್ರತಿ ವರ್ಷ ಹೊಸಬರು ಬರುತ್ತಿದ್ದರು, ಒದೆಯುವುದಕ್ಕೂ ದಾಟಿಸುವುದಕ್ಕೂ ಇರುವ ವ್ಯತ್ಯಾಸ ತಿಳಿಯುವ ಹೊತ್ತಿಗೆ ಒಬ್ಬಳ ಲಗ್ನ ಗೊತ್ತಾಗುತ್ತಿತ್ತು, ಇನ್ನೊಬ್ಬಳು ದ್ರಾಕ್ಷಿ ಪ್ಯಾಕಿಂಗಿನ ಶೆಡ್ಡಿಗೆ ಹೋಗುತ್ತಿದ್ದಳು. ಜೂನ್ ತಿಂಗಳಲ್ಲಿ ಮತ್ತೆ ಅ ಆ ಇ ಈ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ ಎಂದು ಬೇಸತ್ತಾಗ ಎಲ್ಲಿಂದಲೋ ಸ್ವಪ್ನಾಲಿಯಂಥವಳು ಬಂದುಬಿಡುತ್ತಿದ್ದಳು. ಅದೇ ಅವರ ಕರ್ಮ.

ಈಗಿನದು ತಯಾರಾದ ಹುಡುಗಿಯರ ಆಟ. ನಾಲ್ಕು ಮೂಲೆಗೆ ಇಟ್ಟಿಗೆ, ನಡುವೆ ಇಬ್ಬರು ಕಾವಲಿಗೆ. ಉಳಿದವರು ಚೆಂಡನ್ನು ಒಂದೇ ಸಲ ಮುಟ್ಟಿ ದಾಟಿಸಬೇಕು, ದಾಟಿಸಿದವಳು ನಿಲ್ಲದೆ ಖಾಲಿ ಜಾಗಕ್ಕೆ ಓಡಬೇಕು. ಹುಡುಗಿಯರು ಪಳಗಿದಂತೆ ವಿದ್ಯಾವತಿ ಇಟ್ಟಿಗೆಗಳನ್ನು ಒಳಕ್ಕೆ ಸರಿಸುತ್ತ ಬಂದಿದ್ದರು. ಜಾಗ ಇಕ್ಕಟ್ಟಾದಷ್ಟೂ ಕಾಲಿಗೆ ಕಾಲು ತಾಗುತ್ತದೆ. ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವುದು ಎಲ್ಲರಿಗೂ ಮನೆಯಿಂದ ಬಂದ ರೂಢಿಯೇ. ಮೈದಾನದಲ್ಲಿ ಉಳಿದವರು ಅದನ್ನು ಹೇಗೋ ಬಿಟ್ಟಿದ್ದರು. ಸ್ವಪ್ನಾಲಿಗೆ ಮಾತ್ರ ಆಗಿರಲಿಲ್ಲ. ಅವಳನ್ನು ಬೆಳೆಸಿದವಳು ಅಜ್ಜಿ ಜನಾಬಾಯಿ. ಕಾಲು ತಾಗಿದ ಮನುಷ್ಯರನ್ನು ಹಾಗೇ ದಾಟಿ ಹೋಗಬಾರದು ಎಂದು ಅಂಬೆಗಾಲಿನ ಕಾಲದಿಂದ ಹೇಳಿಕೊಟ್ಟಿದ್ದಳು.

ಚೆಂಡು ತನ್ನ ಬಳಿ ಬರುವ ಮೊದಲೇ ಅದು ಯಾರಿಗೆ ಹೋಗಬೇಕೆಂದು ಈ ಹುಡುಗಿಗೆ ಕಾಣುತ್ತಿತ್ತು. ಅದನ್ನು ಯಾರೂ ಕಲಿಸಲಾರರು. ಆದರೂ ಹೋದ ವರ್ಷ ಸಾಂಗ್ಲಿಯಲ್ಲಿ, ಕೊಲ್ಹಾಪುರದ ಕ್ರೀಡಾ ವಸತಿಶಾಲೆಗೆ ಆರಿಸುವವರ ಎದುರಿಗೇ ಅವಳು ಎದುರಾಳಿಯ ಕಾಲು ಮುಟ್ಟಲು ಬಗ್ಗಿದ್ದಳು. ಆ ಕ್ಷಣದಲ್ಲೇ ಗೋಲಾಯಿತು. ಆಟ ಚೆನ್ನಾಗಿದೆ, ಪೂಜೆಯನ್ನು ಮನೆಯಲ್ಲಿ ಮುಗಿಸಿಕೊಂಡು ಬರಲಿ ಎಂದು ಅವರಲ್ಲೊಬ್ಬರು ನಕ್ಕಿದ್ದರು. ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತದೆ. ಆಮೇಲೆ ತಾಯಿಯ ಪಕ್ಕದಲ್ಲಿ ಶೆಡ್ಡಿನಲ್ಲಿ ನಿಂತು ದ್ರಾಕ್ಷಿ ಗೊಂಚಲು ಕತ್ತರಿಸುವುದೊಂದೇ.

ಎಷ್ಟು ಸಲ ಹೇಳಬೇಕು ನಿನಗೆ ಎಂದು ವಿದ್ಯಾವತಿ ಕೇಳಿದರು. ಹುಡುಗಿ ನೆಲ ನೋಡಿದಳು.

“ನಾ ಕಳಸೂದಿಲ್ರಿ ಬಾಯಾರ. ಕೈ ತಾನ ಹೋಗತೈತಿ.”

ವಿದ್ಯಾವತಿ ಸುತ್ತ ನೋಡಿ ಒಂದು ಬೆಣಚುಕಲ್ಲನ್ನು ಆರಿಸಿ ಅವಳ ಬಲಗೈಯಲ್ಲಿಟ್ಟು ಬೆರಳು ಮಡಚಿದರು. “ಇದನ್ನ ಹಿಡಿ. ಮುಷ್ಟಿ ಬಿಚ್ಚಬ್ಯಾಡ. ಕಲ್ಲ ಬಿತ್ತಂದ್ರ ಮೈದಾನ ಸುತ್ತ ಓಡಬೇಕು ನೋಡ.”

ಮೊದಮೊದಲು ಕಲ್ಲು ಬೀಳುತ್ತಲೇ ಇತ್ತು, ಹುಡುಗಿ ಓಡುತ್ತಲೇ ಇದ್ದಳು. ಆಮೇಲೆ ಕೈ ಮೊಣಕಾಲ ತನಕ ಹೋಗಿ ವಾಪಸು ಬರತೊಡಗಿತು. ಆಮೇಲೆ ಮಣಿಕಟ್ಟು ಮಾತ್ರ ಒಂದಿಷ್ಟು ಅದುರುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ನಿಂತಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಹೇಳಿದವರು ಯಾರೂ ಬಾಯಾರ ಕೈಕೆಳಗೆ ಆಡಿರಲಿಕ್ಕಿಲ್ಲ.

ಸಂತೆಯ ದಿನ ಜನಾಬಾಯಿ ಎದುರಾದಳು. ಉಣ್ಣುವಾಗ ಬಿಟ್ಟರೆ ಮೊಮ್ಮಗಳ ಮುಷ್ಟಿ ಬಿಚ್ಚುವುದೇ ಇಲ್ಲ, ಮಲಗಿದಾಗಲೂ ಹಾಗೇ ಇರುತ್ತದೆ ಎಂದಳು. ಅದರಲ್ಲಿ ದೂರೇನೂ ಇರಲಿಲ್ಲ.

“ಆ ಕಲ್ಲ ಯಾವಾಗ ಬಿಡಸ್ತೀರಿ, ಬಾಯಾರ?”

“ಸಾಂಗ್ಲಿದು ಒಂದ ಮುಗೀಲಿ ಆಯಿ. ನಾನ ಬಿಡಸ್ತೀನಿ.”

ಸಾಂಗ್ಲಿಯ ಮೈದಾನದಲ್ಲಿ ಈ ವರ್ಷದ ಆಯ್ಕೆ ಬೇಗನೆ ಮುಗಿಯಿತು. ಸ್ವಪ್ನಾಲಿ ಚೆಂಡು ಕೊಟ್ಟು ಓಡುವಾಗ ಎದುರಿನ ಹುಡುಗಿಯ ಹಿಮ್ಮಡಿಯ ಮೇಲೆ ಅವಳ ಬೂಟು ಬಿತ್ತು. ಹುಡುಗಿ ಕುಸಿದು ಕುಳಿತಳು. ಆಟ ನಿಲ್ಲಲಿಲ್ಲ. ಸ್ವಪ್ನಾಲಿ ತಿರುಗಿಯೂ ನೋಡದೆ ಖಾಲಿ ಜಾಗ ತಲುಪಿದಳು, ಚೆಂಡು ಮರಳಿ ಬಂತು, ಅದನ್ನು ಓಡಿ ಬರುತ್ತಿದ್ದ ಮೂರನೆಯವಳ ಕಾಲಿಗೆ ಸರಿಯಾಗಿ ಇಟ್ಟಳು. ಗೋಲು. ವಿದ್ಯಾವತಿ ನೋವು ಮರೆತು ಎದ್ದು ನಿಂತಿದ್ದರು. ಸಂಜೆಗೆ ಮುನ್ನ ಓದಿದ ಹೆಸರುಗಳಲ್ಲಿ ಅವಳದೂ ಇತ್ತು.

ಜೀಪಿನಲ್ಲಿ ಹುಡುಗಿಯರು ಗಂಟಲು ಹರಿಯುವಂತೆ ಹಾಡಿದರು. ಚಹಾಕ್ಕೆ ನಿಂತು ಮತ್ತೆ ಹತ್ತುವಾಗ ಸ್ವಪ್ನಾಲಿಯ ಕಿವಿಯಲ್ಲಿ ಬಾಯಾರ ಫೋನು. ಆಚೆ ಕಡೆ ಅವಳಪ್ಪ ದಶರಥ. ಕಾಲು ದಾಟಿಸುವಾಗ ಅವಳ ಬೂಟು ವಿದ್ಯಾವತಿಯ ಸವೆದ ಮೊಣಕಾಲಿಗೇ ಬಡಿಯಿತು. ಕಣ್ಣಿಗೆ ಕತ್ತಲೆ ಬಂದಂತಾಯಿತು. ಆ ನೋವಿನಲ್ಲೂ ವಿದ್ಯಾವತಿ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳದೆ, ಬರಬೇಕಾದ ಕೈಗಾಗಿ ಕಾದರು. ಕೈ ಬರಲಿಲ್ಲ. ಸ್ವಪ್ನಾಲಿ ಎದುರಿನ ಸೀಟಿನಲ್ಲಿ ಕುಳಿತು ಅಪ್ಪನಿಗೆ ಗೋಲಿನ ಕಥೆ ಹೇಳುತ್ತಲೇ ಇದ್ದಳು. ಬಲಗೈ ತೊಡೆಯ ಮೇಲೆ ಮುಷ್ಟಿಯಾಗಿತ್ತು.

ಫೋನು ಮರಳಿ ಕೊಡುವಾಗ ಕಲ್ಲು ಎಲ್ಲಿ ಎಂದು ವಿದ್ಯಾವತಿ ಕೇಳಿದರು.

“ಮುಂಜಾನೇನ ಒಗದೇನ್ರಿ ಬಾಯಾರ. ಇನ್ನ ಅದು ಬೇಕಾಗಂಗಿಲ್ರಿ.” ನಕ್ಕಳು. ಅಜ್ಜಿ ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದಾಳಂತೆ ಎಂದಳು.

ಸಂತೋಷವಾಗಬೇಕಿತ್ತು. ಆಗಿಯೂ ಇತ್ತು, ಸುಳ್ಳೇಕೆ. ಆದರೆ ಮೊಣಕಾಲಿಗಿಂತ ಹೆಚ್ಚಾಗಿ ಇನ್ನೆಲ್ಲೋ ನೋಯುತ್ತಿತ್ತು. ಬಿಡಿಸುತ್ತೇನೆ ಎಂದು ಮುದುಕಿಗೆ ಮಾತು ಕೊಟ್ಟಿದ್ದರು. ಇಲ್ಲದ ಕಲ್ಲನ್ನು ಬಿಡಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಊರು ಹತ್ತಿರವಾಗುವಾಗ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗಿದ್ದರು. ಸ್ಟ್ಯಾಂಡಿಗೆ ಹೋಗುವ ಮನಸ್ಸಾಗದೆ, ಊರ ಹೊರಗೆ ರಸ್ತೆ ಕವಲೊಡೆಯುವ ಫಾಟಾದಲ್ಲೇ ನಿಲ್ಲಿಸು, ಇಲ್ಲಿಂದ ಮನೆಗೆ ನಡೆದುಹೋಗುತ್ತೇನೆ ಎಂದು ವಿದ್ಯಾವತಿ ಡ್ರೈವರ್ ಅಣ್ಣಾರಾಯನಿಗೆ ಹೇಳಿದರು. ಜೀಪು ನಿಂತಿತು. ಇಕ್ಕಟ್ಟಿನಲ್ಲಿ ಬಗ್ಗಿ ಬಾಗಿಲ ಕಡೆ ಸರಿಯುವಾಗ ಅವರ ಚಪ್ಪಲಿ ನಿದ್ದೆಯಲ್ಲಿ ಚಾಚಿದ ಸ್ವಪ್ನಾಲಿಯ ಕಾಲಿಗೆ ತಾಗಿತು. ಅವರ ಕೈ ತಾನೇ ಕೆಳಗೆ ಹೋಯಿತು. ಮಣ್ಣು ಮೆತ್ತಿದ ಬೂಟನ್ನು ಮುಟ್ಟಿದ ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಅವರು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದರು.

“ಏನರ ಬಿತ್ತೇನ್ರಿ, ಬಾಯಾರ?” ಅಣ್ಣಾರಾಯ ತಿರುಗಿ ಕೇಳಿದ.

ಏನಿಲ್ಲ ಎಂದು ಅವರು ಮೆಲ್ಲಗೆ ಇಳಿದರು.