ಮೊದಲ ಸಾಲು

ಕುರ್ಚಿ ಖಾಲಿ ಇತ್ತು. ಅದನ್ನು ನೋಡಿ ಕಸಿಲ್ದಾಗೆ ಏನೂ ಅನ್ನಿಸಲಿಲ್ಲ. ಐಸ್ ಡಬ್ಬಿಯನ್ನು ನೀಲಿ ಕೊಡೆಯ ನೆರಳಿಗೆ ತಳ್ಳಿ, ಸೊಂಟದ ಮೇಲೆ ಕೈಯಿಟ್ಟು ನಿಂತು, ಅವಳು ಮೊದಲು ನೋಡಿದ್ದು ಎಡಗಡೆಯ ಹಸಿರು ಕೊಡೆಯನ್ನು. ಅದು ನಿನ್ನೆಗಿಂತ ಒಂದು ಗೇಣು ಈಚೆ ಬಂದಿತ್ತು. ಬರದೆ ಏನು, ಪಕ್ಕದ ಜಾಗದ ಒಬ್ದುಲಿಯಾಳ ಕಡೆಯವರು ನೆಟ್ಟ ಕೊಡೆ ಬೇರು ಬಿಟ್ಟು ಹರಡುವ ಜಾತಿಯದು.

ಕಡಲೂರು ಪುಂತಾಲ್ಬಾದ ಮರಳಿನ ಮೇಲೆ ಖಾಲಿ ಕುರ್ಚಿ ಕಂಡರೆ ಯಾರೂ ಎರಡನೇ ಸಲ ನೋಡುವುದಿಲ್ಲ. ನಮ್ಮಲ್ಲಿ ರಜೆ ಎನ್ನುವುದೂ ಒಂದು ದುಡಿಮೆಯೇ. ಇನ್ನೂ ನಸುಕಿರುವಾಗ ಮನೆಯ ಗಂಡಸರು ಕೊಡೆ ಕುರ್ಚಿ ಹೊತ್ತು ಓಡಿಬಂದು, ನೀರಿನ ಅಂಚಿನಲ್ಲಿ ಮೊದಲ ಸಾಲು ಹಿಡಿಯಬೇಕು. ಕುರ್ಚಿಯ ಮೇಲೊಂದು ಟವೆಲ್ ಹಾಸಿ ಮನೆಗೆ ಹೋಗಿ ಮತ್ತೆ ಮಲಗಬೇಕು. ಹೊತ್ತೇರಿದ ಮೇಲೆ ಹೆಂಗಸರು ಬಂದು ಕೂರಬೇಕು. ಮಧ್ಯಾಹ್ನ ಊಟ, ಊಟದ ಮೇಲೆ ನಿದ್ದೆ, ಸಂಜೆ ಮತ್ತೆ ನೀರು. ಆಮೇಲೆ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಂಡೆಯ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ನಡೆದು, ಐಸ್‌ಕ್ರೀಮ್ ತಿನ್ನುತ್ತಾ ಈ ವರ್ಷ ಯಾರು ದಪ್ಪಗಾದರು, ಯಾರು ಹೆಂಡತಿಯನ್ನು ಬಿಟ್ಟರು ಎಂದು ವಿಚಾರಿಸಿಕೊಳ್ಳಬೇಕು. ಇದರಲ್ಲಿ ಒಂದು ತಪ್ಪಿದರೂ ರಜೆ ಕೆಟ್ಟಂತೆ. ಮೊದಲ ಸಾಲು ತಪ್ಪಿದರಂತೂ ದಿನವಿಡೀ ಮುಂದಿನವರ ಬೆನ್ನು ನೋಡಬೇಕು. ಒಳನಾಡಿನ ಅಲ್ಬಸೆತೆಯಿಂದ ಇಷ್ಟು ದೂರ ಬಂದದ್ದು ಒಬ್ದುಲಿಯಾಳ ಬೆನ್ನು ನೋಡಲಿಕ್ಕಲ್ಲ ಎಂದು ಕಸಿಲ್ದಾ ಪ್ರತಿ ಬೇಸಿಗೆಯಲ್ಲೂ ಗಂಡನಿಗೆ ಹೇಳುತ್ತಿದ್ದಳು.

ಗಂಡ ಅನ್ಸೆಲ್ಮೊ ಬಸ್ ಓಡಿಸಿ ನಿವೃತ್ತನಾದವನು. ಒಮ್ಮೆ ಎದ್ದರೆ ಅವನಿಗೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಕೊಡೆ ನೆಟ್ಟವನೇ ರುಫೀನೊನ ಗೂಡಂಗಡಿಗೆ ಹೋಗಿ, ಕಾಫಿ ಕುಡಿದು, ಹೆಂಡತಿ ಬರುವ ತನಕ ಡಾಮಿನೊ ಆಡುತ್ತಿದ್ದ.

"ಕೊಡೆಗೆ ಕಾಲು ಬಂದಂಗಿದೆ," ಎಂದಳು ಕಸಿಲ್ದಾ, ಕಡಲಿಗೆ ಹೇಳುವವಳಂತೆ.

"ಗಾಳಿ ಕಣೇ," ಎಂದಳು ಒಬ್ದುಲಿಯಾ, ಮುಚ್ಚಿದ ಕಣ್ಣು ತೆರೆಯದೆ. "ಬೆಳಿಗ್ಗೆಯಿಂದ ಒಂದೇ ಸಮ ಬೀಸ್ತಿದೆ."

"ನಿಮ್ಮ ಕೊಡೆಗೆ ಮಾತ್ರ ಬೀಸೋ ಗಾಳಿ."

"ಹಾಗಂದ್ರೆ ನಿನ್ನ ಗಂಡನ್ನ ಕರೆದು ಅಳೆಸು. ಎಲ್ಲಿ, ಪತ್ತೇನೇ ಇಲ್ಲ?"

"ಡಾಮಿನೊ ಆಡ್ತಿರ್ತಾನೆ. ಇನ್ನೆಲ್ಲಿಗೆ ಹೋಗ್ತಾನೆ, ಚಂದ್ರಲೋಕಕ್ಕಾ?"

ಒಬ್ದುಲಿಯಾಳ ಗಂಡ ಲಿಯೊನ್ಸಿಯೊ ಪತ್ರಿಕೆಯ ಹಿಂದೆ ಸಣ್ಣಗೆ ನಕ್ಕ. ಈ ಎರಡು ಹೆಂಗಸರ ನಡುವಿನ ಗಡಿ ತಂಟೆ ಎಷ್ಟೋ ಬೇಸಿಗೆಗಳದ್ದು. ಗಂಡಸರಿಬ್ಬರೂ ಅದರಲ್ಲಿ ಬಾಯಿ ಹಾಕದೆ ಬದುಕಿಕೊಂಡಿದ್ದರು. ಕಸಿಲ್ದಾ ತನ್ನ ಕುರ್ಚಿ ಬಿಚ್ಚಿ ಕೂತಳು. ಡಬ್ಬಿಯಲ್ಲಿ ಆಲೂಗಡ್ಡೆ ಮೊಟ್ಟೆಯ ತೊರ್ತಿಯಾ ಇತ್ತು, ಕಲ್ಲಂಗಡಿ ಇತ್ತು. ಗಂಡ ಬರಲಿ ಎಂದು ಡಬ್ಬಿ ತೆರೆಯಲಿಲ್ಲ. ಅಲೆಯಲ್ಲಿ ಮಕ್ಕಳು ಕಿರುಚುತ್ತಿದ್ದರು, ನೀರಿಗಿಳಿಯುವವರಿಗೆ ಜೋಪಾನ ಹೇಳುವ ಹಳದಿ ಬಾವುಟ ಪಟಪಟಿಸುತ್ತಿತ್ತು.

ಅಷ್ಟರಲ್ಲಿ ರುಫೀನೊನೇ ತಟ್ಟೆಯಲ್ಲಿ ಬಿಯರ್ ಹೊತ್ತು ಮರಳಲ್ಲಿ ನಡೆದು ಬಂದ.

"ಅನ್ಸೆಲ್ಮೊಗೆ ಹುಷಾರಿಲ್ವಾ ಕಸಿಲ್ದಾ?" ಎಂದು ಕೇಳಿದ. "ಇವತ್ತು ಬರ್ಲೇ ಇಲ್ಲ. ಆಟಕ್ಕೆ ಒಬ್ಬ ಕಡಿಮೆ ಆಗಿ ಎಲ್ರೂ ನನ್ನನ್ನೇ ಎಳ್ಕೊಂಡು ಕೂತ್ರು. ಗಿರಾಕಿಗಳೆಲ್ಲ ಬೈದ್ಕೊಂಡು ಹೋದ್ರು."

ಕಸಿಲ್ದಾಗೆ ಮೊದಲು ಬಂದದ್ದು ಸಿಟ್ಟು. ತನಗೆ ಹೇಳದೆ ಸಂತೆಗೆ ಹೋಗಿರಬೇಕು. ಇಲ್ಲವೇ ಬಂದರಿನಲ್ಲಿ ದೋಣಿ ನೋಡುತ್ತಾ ನಿಂತಿರಬೇಕು. ಸಿಟ್ಟಿನ ಅಡಿಯಲ್ಲಿ ಇನ್ನೊಂದೇನೋ ಕದಲಿತು. ಅದನ್ನು ಅವಳು ಅಲ್ಲೇ ಅದುಮಿಟ್ಟಳು.

ಅಂದು ನಸುಕಿನಲ್ಲಿ ಅನ್ಸೆಲ್ಮೊ ಮಂಚದ ಅಂಚಿನಲ್ಲಿ ಕೂತು ಎಡಭುಜ ನೀವಿಕೊಂಡಿದ್ದ. "ಯಾಕೋ ಹಿಡ್ಕೊಂಡಿದೆ. ಇವತ್ತೊಂದು ದಿನ ಬೇಡ ಬಿಡು," ಅಂದಿದ್ದ. "ಭುಜ ಬಿಸಿಲಿಗೆ ಸರಿಹೋಗತ್ತೆ. ಜಾಗ ಹೋದ್ರೆ ಹೋಯ್ತು," ಎಂದು ಅವಳು ಮಗ್ಗುಲು ಬದಲಿಸಿದ್ದಳು. ಬಾಗಿಲು ಮುಚ್ಚಿದ್ದು ಕೇಳಿಸಿತ್ತು, ಅಷ್ಟೇ.

ಆ ದಿನ ಪೊಲೀಸರು ತಡವಾಗಿ ಬಂದರು. ಯಾರೂ ಕಾಯದ ಕೊಡೆ ಕುರ್ಚಿಗಳನ್ನು ಎತ್ತಿಕೊಂಡು ಹೋಗಿ ದಂಡ ಹಾಕುವುದು ಪುಂತಾಲ್ಬಾದ ಕಾನೂನು. ಎಂದಿನಂತೆ ಬೆಳಿಗ್ಗೆಯೇ ಬಂದಿದ್ದರೆ ಅರ್ಧ ಸಾಲು ಖಾಲಿಯಾಗುತ್ತಿತ್ತು. ಟ್ರ್ಯಾಕ್ಟರ್ ಕೆಟ್ಟಿತ್ತಂತೆ. ಇಬ್ಬರಲ್ಲಿ ಮೀಸೆಯವನು ಬಂದು ನೀಲಿ ಕೊಡೆಯ ಕೆಳಗಿನ ಖಾಲಿ ಕುರ್ಚಿಯ ಬೆನ್ನು ಹಿಡಿದ.

"ಇದು ಯಾರದು?"

"ನನ್ನ ಗಂಡಂದು ಸಾರ್. ಇಲ್ಲೇ ಎಲ್ಲೋ ಹೋಗಿದಾನೆ."

"ಎಲ್ರೂ ಇಲ್ಲೇ ಎಲ್ಲೋ ಹೋಗಿರ್ತಾರೆ ಕಣಮ್ಮ. ಇಲ್ಲೇ ಎಲ್ಲೋ ಹೋದೋರದ್ದೇ ಒಂದು ಗಾಡಿ ತುಂಬಿದೆ," ಎಂದು ಅವನು ಟ್ರ್ಯಾಕ್ಟರಿನ ಕಡೆ ತೋರಿಸಿದ.

ಸಾಲಿನಲ್ಲಿ ಎಲ್ಲರೂ ನಕ್ಕರು. ಒಬ್ದುಲಿಯಾ ಎಲ್ಲರಿಗಿಂತ ಸ್ವಲ್ಪ ಹೆಚ್ಚಾಗಿಯೇ ನಕ್ಕಳು. ಪೊಲೀಸ್ ಕುರ್ಚಿಯ ಮೇಲಿನ ಟವೆಲ್ ಎಳೆದ. ಕೆಳಗೆ ಅನ್ಸೆಲ್ಮೊನ ಅಂಗಿ ಮಡಿಚಿಟ್ಟಿತ್ತು. ಅದರ ಮೇಲೆ ಅವನ ಕ್ಯಾನ್ವಾಸ್ ಬೂಟು. ಒಂದು ಬೂಟು ಉರುಳಿ ಮರಳಿಗೆ ಬಿತ್ತು, ಅದರೊಳಗಿಂದ ಗಂಟು ಹಾಕಿದ ಕರವಸ್ತ್ರ ಹೊರಬಂತು.

ಗಂಟನ್ನು ಬಿಚ್ಚುವ ಮೊದಲೇ ಕಸಿಲ್ದಾಗೆ ಗೊತ್ತಾಗಿತ್ತು. ಒಳಗೆ ಅವನ ಮಂದ ಕಿವಿಗೆ ಹಾಕುವ ಯಂತ್ರ ಇತ್ತು. ಬೀನ್ಸ್ ಕಾಳಿನಷ್ಟು ಚಿಕ್ಕದು. ಅದಿಲ್ಲದೆ ಅನ್ಸೆಲ್ಮೊ ರಸ್ತೆಗೆ ಇಳಿಯುವವನಲ್ಲ, ಕಾಫಿ ಕುಡಿಯುವವನಲ್ಲ, ಜಗಳಕ್ಕೂ ನಿಲ್ಲುವವನಲ್ಲ. ಹಾಸಿಗೆ ಬಿಟ್ಟರೆ ಅವನು ಅದನ್ನು ತೆಗೆಯುತ್ತಿದ್ದುದು ಒಂದೇ ಕಡೆಗೆ ಹೋಗುವಾಗ. ಅವಳು ತಲೆ ಎತ್ತಿ ನೀರನ್ನು ನೋಡಿದಳು.

"ಅವನು ನೀರಲ್ಲಿದಾನೆ," ಎಂದಳು.

"ಯಾರು?" ಎಂದ ಪೊಲೀಸ್.

"ನನ್ನ ಗಂಡ. ಬೆಳಿಗ್ಗೆಯಿಂದ ನೀರಲ್ಲಿದಾನೆ."

ಯಾರೂ ನಗಲಿಲ್ಲ. ಪೊಲೀಸ್ ಕುರ್ಚಿಯನ್ನು ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟ. ಇನ್ನೊಬ್ಬ ಓಡಿಹೋಗಿ ಜೀವರಕ್ಷಕಿಯನ್ನು ಕರೆತಂದ. ಐತಾನಾ ಎಂದು ಅವಳ ಹೆಸರು, ಅವಳ ಪಾಳಿ ಶುರುವಾಗುವುದೇ ಬಿಸಿಲು ಏರಿದ ಮೇಲೆ. ಅವಳು ನೇರವಾಗಿ ವಿಷಯಕ್ಕೆ ಬಂದಳು.

"ಕೊನೇ ಸಲ ಅವರನ್ನ ಯಾರು ನೋಡಿದ್ದು? ಯಾವ ಹೊತ್ತಿಗೆ?"

ಮೊದಲ ಸಾಲಿನಲ್ಲಿ ಎಲ್ಲರೂ ಕುರ್ಚಿಯನ್ನು ನೋಡಿದ್ದರು. ಬಂದಾಗ ನೋಡಿದ್ದರು, ದಾಟುವಾಗ ನೋಡಿದ್ದರು, ಮಗುವಿನ ಚೆಂಡು ಅದಕ್ಕೆ ಬಡಿದಾಗ ನೋಡಿದ್ದರು. ಕುರ್ಚಿ ಇದ್ದಲ್ಲಿ ಮನುಷ್ಯ ಇದ್ದಾನೆ ಎಂದೇ ನಮ್ಮ ಲೆಕ್ಕ.

ಲಿಯೊನ್ಸಿಯೊ ಪತ್ರಿಕೆ ಮಡಿಚಿದ. ಮಡಿಚಿದ್ದನ್ನೇ ಮತ್ತೆ ಮಡಿಚಿದ.

"ನಾನು ನೋಡಿದ್ದೆ," ಎಂದ. "ಕೊಡೆ ನೆಡೋಕೆ ಬಂದಾಗ. ಇನ್ನೂ ಸರಿಯಾಗಿ ಬೆಳಕು ಹರಿದಿರ್ಲಿಲ್ಲ. ಮೊಣಕಾಲವರೆಗೆ ನೀರಲ್ಲಿ ನಿಂತು ಭುಜಕ್ಕೆ ನೀರು ಎರಚ್ಕೋತಿದ್ದ. ನಾನು ಕೈ ಎತ್ತಿದೆ, ಅವನೂ ಎತ್ತಿದ. ಆಮೇಲೆ ಮನೆಗೆ ಹೋಗಿ ಮಲಗಿಬಿಟ್ಟೆ."

"ವಾಪಸ್ ಬಂದಾಗ?"

"ಕುರ್ಚಿ ಇತ್ತು. ರುಫೀನೊ ಹತ್ರ ಹೋಗಿದಾನೆ ಅಂದ್ಕೊಂಡೆ." ಅವನು ಕಸಿಲ್ದಾಳ ಮುಖ ನೋಡದೆ ಮುಂದುವರಿಸಿದ. "ಹೇಗೂ ಇಲ್ವಲ್ಲ ಅಂತ ನಾನೇ ಅವನ ಕುರ್ಚಿನ ಆ ಕಡೆ ದಬ್ಬಿ, ನಮ್ಮ ಕೊಡೆನ ಒಂಚೂರು ಈ ಕಡೆ ತಂದೆ."

ಒಬ್ದುಲಿಯಾ ಗಂಡನ ಕಡೆ ತಿರುಗಿದಳು. ಬೈಯುವ ಬದಲು ಮರಳಿಗೆ ಬಿದ್ದಿದ್ದ ಬೂಟನ್ನೆತ್ತಿ ಅನ್ಸೆಲ್ಮೊನ ಕುರ್ಚಿಯ ಮೇಲಿಟ್ಟಳು. ಕೊಡೆ ಸರಿಸು ಎಂದವಳು ಅವಳೇ ಇರಬೇಕು.

ಹಳದಿ ಬಾವುಟ ಇಳಿದು ಕೆಂಪು ಏರಿತು. ಐತಾನಾ ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಹೊರಗೆ ಕರೆದಳು. ನೀರಿನ ಸ್ಕೂಟರ್ ಒಂದು ಹೊರಟು, ತೇಲುಗುಂಡುಗಳ ಸಾಲಿನ ಆಚೆ ಹೋಗಿ, ಬಂದು, ಮತ್ತೆ ಹೋಯಿತು. ದಂಡೆಯುದ್ದಕ್ಕೂ ಜನ ಒದ್ದೆ ಮೈಯಲ್ಲಿ ಕೈಕಟ್ಟಿ ನಿಂತರು. ಐಸ್‌ಕ್ರೀಮ್ ಮಾರುವವನು ಕೂಗುತ್ತಾ ಬಂದವನು ಅರ್ಧಕ್ಕೇ ನಿಲ್ಲಿಸಿದ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಅಲೆಯ ನಡುವೆ ಕಪ್ಪಗೆ ಏನು ಕಂಡರೂ ಒಂದು ಗುಜುಗುಜು ಎದ್ದು ಅಡಗುತ್ತಿತ್ತು. ಒಮ್ಮೆ ಅದು ಪ್ಲಾಸ್ಟಿಕ್ ಚೀಲ, ಒಮ್ಮೆ ಹಕ್ಕಿ.

ಕಸಿಲ್ದಾ ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ನೀರಿನ ಅಂಚಿನಲ್ಲಿ ನಿಂತಿದ್ದಳು. ಭುಜ ಬಿಸಿಲಿಗೆ ಸರಿಹೋಗತ್ತೆ. ಈ ಮಾತು ಅವಳ ತಲೆಯೊಳಗೆ ಅವಳದೇ ದನಿಯಲ್ಲಿ ಸುತ್ತುತ್ತಿತ್ತು. ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಒಬ್ದುಲಿಯಾ ಬಂದು ಪಕ್ಕದಲ್ಲಿ ನಿಂತಳು. ಕೈ ಹಿಡಿದುಕೊಂಡಳು. ಕಸಿಲ್ದಾ ಬಿಡಿಸಿಕೊಳ್ಳಲಿಲ್ಲ.

"ನಾನೇ ಕಳಿಸ್ದೆ ಕಣೇ," ಎಂದಳು. "ಬೇಡ ಅಂದ. ನಾನೇ ಒತ್ತಾಯ ಮಾಡಿ ಕಳಿಸ್ದೆ."

"ನಾವೆಲ್ಲ ಕಳಿಸೋರೇ," ಎಂದಳು ಒಬ್ದುಲಿಯಾ. "ಸುಮ್ನಿರು. ನೀರು ನೋಡು."

ಮೀಸೆಯ ಪೊಲೀಸ್ ರೇಡಿಯೊವನ್ನು ಕಿವಿಗೆ ಒತ್ತಿಕೊಂಡು ದೂರ ಹೋದ. ಹಿಂದಿರುಗಿ ಬರುವಾಗ ಮರಳಿನಲ್ಲಿ ಓಡಲಾರದೆ ಓಡುತ್ತಿದ್ದ. ಅವನ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

"ನಿಮ್ಮ ಯಜಮಾನರಿಗೆ ಹೊಟ್ಟೆ ಮೇಲೆ ಹಳೇ ಹೊಲಿಗೆ ಗುರುತು ಇದೆಯಾ?"

"ಇದೆ. ಪಿತ್ತಕೋಶದ್ದು."

"ಹಾಗಾದ್ರೆ ಪೊಲೀಸ್ ಗಾಡಿ ಹತ್ತಿ. ಜೀವ ಇದೆ. ಅಲೆಗೆ ಕಟ್ಟಿದ ಬಂಡೆ ತಡೆಗೋಡೆ ಆಚೆ ಇರೋ ಚಿಕಿತ್ಸಾ ಕೇಂದ್ರದಲ್ಲಿದಾರೆ."

ಒಬ್ದುಲಿಯಾ ಅವಳ ಬಗಲಿಗೆ ಕೈಕೊಟ್ಟು ಗಾಡಿಯವರೆಗೆ ನಡೆಸಿದಳು. ಬರಿಗಾಲಲ್ಲಿದ್ದ ಕಸಿಲ್ದಾಗೆ ತನ್ನ ಚಪ್ಪಲಿಯನ್ನೇ ತೊಡಿಸಿದಳು.

ಚಿಕಿತ್ಸಾ ಕೇಂದ್ರ ಎಂದರೆ ಒಂದೇ ಕೋಣೆ, ಎರಡು ಮಂಚ. ನರ್ಸು ಬಾಗಿಲಲ್ಲೇ ಕಾಯುತ್ತಿದ್ದಳು.

"ಗಾಳ ಹಾಕೋಕೆ ಬಂದೋರೊಬ್ರು ಬಂಡೆ ಸಂದಿಯಿಂದ ಎಳ್ಕೊಂಡು ಬಂದ್ರಂತೆ," ಎಂದಳು. "ಹೃದಯಕ್ಕೇನೂ ಆಗಿಲ್ಲ. ತುಂಬಾ ನೀರು ಕುಡ್ದಿದಾರೆ, ಪೂರ್ತಿ ಸುಸ್ತಾಗಿದಾರೆ. ಕೇಳಿದ್ದಕ್ಕೆ ಒಂದಕ್ಕೂ ಉತ್ತರ ಇಲ್ಲ. ಯಾವ್ದೋ ಹೋಟ್ಲಿನ ವಿದೇಶದೋರು ಅಂದ್ಕೊಂಡ್ವಿ. ಇಂಗ್ಲೆಂಡಾ ಅಂದ್ರೆ ಹೂಂ ಅಂತ ತಲೆ ಆಡಿಸಿದ್ರು. ಜರ್ಮನಿಯಾ ಅಂದ್ರೆ ಅದಕ್ಕೂ ಆಡಿಸಿದ್ರು. ಬೆಳಿಗ್ಗೆಯಿಂದ ಹೋಟ್ಲುಗಳಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು."

"ಕೇಳಿಸ್ದೇ ಇದ್ರೆ ತಲೆ ಆಡಿಸ್ತಾನೆ," ಎಂದಳು ಕಸಿಲ್ದಾ. "ಮನೇಲೂ ಅಷ್ಟೇ. ಕೇಳಿಸ್ಲಿಲ್ಲ ಅಂದ್ರೆ ನಾನು ಬೈತೀನಿ, ಅದಕ್ಕೆ."

ಅನ್ಸೆಲ್ಮೊ ಬೂದು ಕಂಬಳಿ ಹೊದ್ದು ಮಲಗಿದ್ದ. ತುಟಿ ಬಿರಿದಿತ್ತು. ಬಂಡೆ ಹಿಡಿದ ಕೈಗಳಿಗೆ ಬೆರಳ ತುದಿಯವರೆಗೆ ಬ್ಯಾಂಡೇಜು ಸುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವನನ್ನು ಇಷ್ಟು ಚಿಕ್ಕದಾಗಿ ಅವಳು ನೋಡಿರಲಿಲ್ಲ. ಅವನು ಕಣ್ಣು ತೆರೆದು, ಅವಳನ್ನು ಕಂಡು, ಕಿವಿಯ ಕಡೆ ಸನ್ನೆ ಮಾಡಿದ. ಅವಳು ಕರವಸ್ತ್ರ ಬಿಚ್ಚಿ ಯಂತ್ರವನ್ನು ಕಿವಿಗಿಟ್ಟಳು.

"ಭುಜಕ್ಕೆ ನೀರು ಹಿತವಾಗಿತ್ತು," ಎಂದ ಅವನು. ದನಿ ಒರಟಾಗಿತ್ತು. "ಇನ್ನೊಂಚೂರು, ಇನ್ನೊಂಚೂರು ಅಂತ ಹೋದೆ. ಆಮೇಲೆ ಕಾಲಿಗೆ ನೆಲ ಸಿಗ್ಲಿಲ್ಲ. ಸೆಳೆತ ಸುತ್ತು ಹಾಕ್ಸಿ ಬಂಡೆ ಹತ್ರ ತಂದು ಬಿಡ್ತು."

"ಮಾತಾಡ್ಬೇಡ. ಸುಸ್ತಾಗತ್ತೆ."

"ಅಲ್ಲಿಂದ ನಮ್ಮ ಸಾಲು ಪೂರ್ತಿ ಕಾಣತ್ತೆ. ಒಂದು ಕೈಲಿ ಬಂಡೆ ಹಿಡ್ಕೊಂಡು ಇನ್ನೊಂದು ಕೈ ಬೀಸ್ದೆ. ಕೂಗ್ದೆ ಅಂತ ಕಾಣತ್ತೆ, ನನಗೇ ಕೇಳಿಸ್ಲಿಲ್ಲ. ಎಷ್ಟೊಂದು ಕೊಡೆ ಕಸಿಲ್ದಾ. ಒಂದರ ಕೆಳಗೂ ಜನ ಇರ್ಲಿಲ್ಲ."

ಅವಳು ಕಂಬಳಿಯ ಅಂಚನ್ನು ಅವನ ಪಾದಕ್ಕೆ ಎಳೆದಳು. ಅದು ಮೊದಲೇ ಸರಿಯಾಗಿತ್ತು.

"ನಾನಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು?" ಎಂದು ಅವನು ಕೇಳಿದ.

ಆಗಲೇ ಗೊತ್ತಾಯ್ತು ಎಂದು ಹೇಳಬಹುದಿತ್ತು. ಎದೆ ಧಸಕ್ಕೆಂದಿತು, ಓಡಿಬಂದೆ ಎಂದರೆ ಅವನು ನಂಬುತ್ತಿದ್ದ. ನಂಬಲೆಂದೇ ಕೇಳಿದಂತಿತ್ತು. ಮಾತಿಗೆ ಎಂದೂ ಬರವಿಲ್ಲದ ಹೆಂಗಸು, ಸುಳ್ಳು ನಾಲಗೆಯ ತುದಿಗೇ ಬಂದು ಕೂತಿತ್ತು. ಹೊರಗೆ ಪೊಲೀಸ್ ಗಾಡಿಯ ಎಂಜಿನ್ ನಿಂತಿತು.

"ಊಟ ತಗೊಂಡು ಬಂದಾಗಲೂ ಗೊತ್ತಾಗ್ಲಿಲ್ಲ," ಎಂದಳು. "ಕುರ್ಚಿ ನೋಡ್ದೆ. ಒಬ್ದುಲಿಯಾ ಕೊಡೆ ನೋಡ್ದೆ. ಜಗಳ ಆಡ್ದೆ. ರುಫೀನೊ ಬಂದು ಹೇಳಿದ್ಮೇಲೂ ನಿನ್ನನ್ನೇ ಬೈಕೊಂಡೆ. ಪೊಲೀಸ್ನೋರು ಬಂದು ಟವೆಲ್ ಎಳೆದ್ರಲ್ಲ, ಆಗ ಗೊತ್ತಾಯ್ತು."

ಅನ್ಸೆಲ್ಮೊ ತಲೆಯಾಡಿಸಲಿಲ್ಲ, ಎಲ್ಲ ಕೇಳಿಸಿತ್ತು. ಅವಳಿಗೆ ಜಾಗ ಬಿಡಲು ಗೋಡೆಯ ಕಡೆ ಸ್ವಲ್ಪ ಸರಿದ. ಮಂಚ ಕಿರಿದಾಗಿತ್ತು. ಕಸಿಲ್ದಾ ಅದರ ತುದಿಯಲ್ಲಿ ಅರ್ಧ ಕೂತು, ಒಂದು ಕಾಲನ್ನು ನೆಲಕ್ಕೆ ಊರಿಕೊಂಡು, ಅಲ್ಲಾಡದೆ ಇದ್ದಳು.